ಮೂರು ರೈಲು ಕಾದ ಮಣ್ಣು

ನಾನು ಹುಟ್ಟಾ ಅನುಮಾನದ ಮನುಷ್ಯ. ನನ್ನ ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ, ನಾನು ಕಸುಬು ಅನ್ನುತ್ತೇನೆ. ಮಂಡ್ಯದ ಹತ್ತಿರ, ವಿ.ಸಿ. ಫಾರಂಗೆ ಹೋಗುವ ದಾರಿಯಲ್ಲಿ, ಮಣ್ಣು ಪರೀಕ್ಷೆ ಮಾಡುವ ಒಂದು ಕಚೇರಿಯಲ್ಲಿ ನನ್ನ ಆಯುಸ್ಸೆಲ್ಲ ಕಳೆಯಿತು. ಹೊಲದ ಮಣ್ಣು ತನ್ನಿ ಅಂದರೆ ತಿಪ್ಪೆಯ ಪಕ್ಕದ ಮಣ್ಣು ತುಂಬಿಕೊಂಡು ಬಂದು, "ನಮ್ಮೊಲದ್ದೇ ಸಾ" ಅಂತ ದೇವರಾಣೆ ಇಡುವವರನ್ನು ದಿನಾ ನೋಡಿದವನು ನಾನು. ಪೊಟ್ಟಣದ ಮೇಲೆ ಬರೆದದ್ದನ್ನು ನಾನು ಯಾವತ್ತೂ ನಂಬಿದವನಲ್ಲ, ಒಳಗಿರುವುದನ್ನು ನೋಡಿದವನು.

ಹಾಗಾಗಿ ಮೈಮೇಲೆ ಬರುವುದು, ಸತ್ತವರು ಬಂದು ಹೇಳುವುದು ಇಂಥ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಬೇಕು ಅಂತ ನನ್ನ ಹಟವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಂಬುತ್ತಿರಲಿಲ್ಲ. ಇನ್ನೊಂದು ವಿಷಯ. ಇಂಥವೆಲ್ಲ ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ ಅಂತಾರೆ. ನನಗೆ ಆದದ್ದು ಭಾನುವಾರ ಮಟಮಟ ಮಧ್ಯಾಹ್ನ, ಎಲ್ಲರೂ ಚಿತ್ರಾನ್ನದ ಪಾತ್ರೆಯ ದಾರಿ ಕಾಯುತ್ತಿದ್ದ ಹೊತ್ತಿನಲ್ಲಿ.

ನಿವೃತ್ತಿಗೆ ಎರಡು ವರ್ಷ ಇರುವಾಗಿನ ಮಾತು. ನನ್ನ ಸಹೋದ್ಯೋಗಿ ಶಿವಲಿಂಗುವಿಗೆ ನಾಟಕದ ಹುಚ್ಚು. ಹಳ್ಳಿಗಳಲ್ಲಿ ಆಡುವ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದು ಗಂಟಲು ಹರಿದುಕೊಂಡವನು. ಮೈಸೂರಿನಿಂದ ವಸುಧಾ ಅನ್ನುವ ಹುಡುಗಿಯೊಬ್ಬಳು ಬಂದು ಹೊಸ ತರಹದ ನಾಟಕ ಮಾಡಿಸುತ್ತಿದ್ದಾಳೆ, ಬಾ ಅಂತ ನನ್ನನ್ನೂ ಎಳೆದುಕೊಂಡು ಹೋದ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕ ಒಂದು ಹಳೆಯ ಆಲೆಮನೆ. ಬೆಲ್ಲ ಕಾಯಿಸುವುದು ನಿಂತು ಎರಡು ಮೂರು ವರ್ಷವಾಗಿದ್ದರೂ ಗೋಡೆಯಲ್ಲಿ ಇನ್ನೂ ಪಾಕದ ವಾಸನೆ ಇತ್ತು. ದೊಡ್ಡ ಕೊಪ್ಪರಿಗೆಯನ್ನು ಅಂಗಳದಲ್ಲಿ ಬೋರಲು ಹಾಕಿದ್ದರು. ಅದರ ಸುತ್ತ ನಾವು ಹನ್ನೊಂದು ಜನ.

ಕಥೆ ಗ್ರೀಕರದಂತೆ, ಬಹಳ ಹಳೆಯ ದುರಂತ. ಅಣ್ಣತಮ್ಮಂದಿರಿಬ್ಬರು ರಾಜ್ಯಕ್ಕಾಗಿ ಹೊಡೆದಾಡಿ ಇಬ್ಬರೂ ಸಾಯುತ್ತಾರೆ. ರಾಜನಾದವನು ಒಬ್ಬನಿಗೆ ಮರ್ಯಾದೆಯಿಂದ ಮಣ್ಣು ಮಾಡಿಸಿ, ಇನ್ನೊಬ್ಬನ ಹೆಣಕ್ಕೆ ಯಾರೂ ಒಂದು ಹಿಡಿ ಮಣ್ಣು ಹಾಕಕೂಡದು ಅಂತ ಡಂಗುರ ಹೊಡೆಸುತ್ತಾನೆ. ತಂಗಿ ಕೇಳುವುದಿಲ್ಲ. ಹೋಗಿ ಮಣ್ಣು ಹಾಕುತ್ತಾಳೆ, ಅದಕ್ಕೆ ಪ್ರಾಣ ಕೊಡುತ್ತಾಳೆ. ವಸುಧಾ ಇಷ್ಟು ಕಥೆ ಹೇಳಿ ಪುಸ್ತಕ ಮುಚ್ಚಿಬಿಟ್ಟಳು. ಬರೆದ ಮಾತು ಇಲ್ಲ, ಕಂಠಪಾಠ ಇಲ್ಲ. ತಮಟೆಯ ಪೆಟ್ಟಿಗೆ ಎಲ್ಲರೂ ಸುತ್ತು ಹಾಕುತ್ತ ನಡೆಯಬೇಕು, ಉಸಿರು ಒಂದಾಗಬೇಕು, ಯಾರಿಗೆ ಮಾತು ಬರುತ್ತದೋ ಅವರು ಆಡಬೇಕು. ಪೂಜೆಯ ಹಾಗೆ, ಆದರೆ ದೇವರಿಲ್ಲ. ಶಿವಲಿಂಗುವಿಗೆ ಮೊದಲ ದಿನವೇ ನಿರಾಸೆಯಾಯಿತು, ಕಿರೀಟವೂ ಇಲ್ಲ, ಹಾರ್ಮೋನಿಯಮ್ಮೂ ಇಲ್ಲ ಅಂತ.

ರಾಜನ ಪಾತ್ರ ನನಗೆ ಬಂತು. ಯಾಕಮ್ಮ ಅಂತ ಕೇಳಿದ್ದಕ್ಕೆ ವಸುಧಾ ನಕ್ಕು, "'ಇಲ್ಲ' ಅನ್ನೋ ಮಾತು ನಿಮಗೆ ಬಹಳ ಸಲೀಸಾಗಿ ಬರುತ್ತೆ ಸಾರ್" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಚುಚ್ಚಿತು. ಈ ಹುಡುಗಿಗೆ ನನ್ನ ವಿಷಯ ಯಾರಾದರೂ ಹೇಳಿದ್ದಾರಾ ಅನ್ನುವ ಮೊದಲ ಅನುಮಾನ ನನಗೆ ಹುಟ್ಟಿದ್ದು ಅಲ್ಲೇ.

ನನ್ನ ವಿಷಯ ಏನು ಅಂದರೆ, ನನಗೊಬ್ಬ ಅಣ್ಣನಿದ್ದ, ಪುಟ್ಟಸ್ವಾಮಿ. ನಮ್ಮೂರು ಯಲಿಯೂರು. ಅಪ್ಪ ಬೇಗ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ನನ್ನ ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ದೊಡ್ಡಪ್ಪನಾದವನನ್ನು ಮುಂದೆ ಕರೆದು ನಿಲ್ಲಿಸಬೇಕಿತ್ತು. ಗಲಾಟೆಯಲ್ಲಿ ನಾನು ಮರೆತೆ. ಮರೆತೆ ಅನ್ನುವುದು ನನ್ನ ಮಾತು. ಬೀಗರ ಕಡೆಯ ದೊಡ್ಡ ಅಧಿಕಾರಿಗಳ ಮಧ್ಯೆ ಅವನ ಪಂಚೆ ಬನಿಯನ್ನಿನಿಂದ ನನಗೆ ನಾಚಿಕೆಯಾಯಿತು ಅನ್ನುವುದು ಅವನ ಮಾತು. ಯಾವುದು ನಿಜ ಅಂತ ಈಗ ಕೇಳಿದರೆ ನಾನು ಆಣೆ ಇಡಲಾರೆ. ಅವನು ಎಲೆಯ ಮುಂದಿನಿಂದ ಎದ್ದು ಹೋದ. ನಾನು ಛತ್ರದ ಬಾಗಿಲವರೆಗೂ ಹೋಗಿ, ಹತ್ತು ಜನರ ಎದುರಿಗೆ, ನಿನ್ನ ಹೆಣಕ್ಕೂ ನಾನು ಮಣ್ಣು ಹಾಕಲ್ಲ ಅಂತ ಅಂದುಬಿಟ್ಟೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವುದು ಸುಳ್ಳಲ್ಲ.

ಎರಡು ವರ್ಷದ ಮೇಲೆ ಅವನು ಸತ್ತಾಗ ನಾನು ಕಚೇರಿಯ ತರಬೇತಿಗೆ ಬೆಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ಅಣ್ಣನ ಮಗ ಫೋನು ಮಾಡಿ, "ಚಿಕ್ಕಪ್ಪ, ಅಪ್ಪ ಓಗ್ಬುಟ್ರು" ಅಂದ. ನಾನು ಹೂಂ ಅಂದೆ, ಅಷ್ಟೇ. ರೈಲ್ವೆ ಸ್ಟೇಷನ್ನಿಗೆ ಹೋದೆ. ಬಸ್ಸು ನನಗೆ ಆಗುವುದಿಲ್ಲ, ವಾಂತಿ. ಊರಿಗೆಲ್ಲ ಗೊತ್ತು, ನಾನು ಬಂದರೆ ರೈಲಿನಲ್ಲೇ. ಟಿಕೆಟ್ಟು ತೆಗೆದುಕೊಂಡು ಕಲ್ಲುಬೆಂಚಿನ ಮೇಲೆ ಕೂತೆ. ಒಂದು ರೈಲು ಹೋಯಿತು, ಇನ್ನೊಂದು ಹೋಯಿತು. ಆಡಿದ ಮಾತು ಕಾಲು ಕಟ್ಟಿಹಾಕಿತ್ತು. ಸಂಜೆ ಆ ಟಿಕೆಟ್ಟನ್ನು ಹರಿದು ಹಾಕಿ ಕೋಣೆಗೆ ವಾಪಸಾದೆ. ಈ ಬೆಂಚಿನ ವಿಷಯ ನಾನು ಯಾರಿಗೂ, ಹೆಂಡತಿಗೂ ಹೇಳಿರಲಿಲ್ಲ. ನಾಲ್ಕು ದಿನದ ಮೇಲೆ ಮಂಡ್ಯದ ಪೇಟೆಯಲ್ಲಿ ಸಿಕ್ಕ ಊರಿನವನೊಬ್ಬ, ಮಧ್ಯಾಹ್ನಕ್ಕೇ ಮಣ್ಣು ಮಾಡಿ ಮುಗಿಸಿದರು ಅಂದ. ನನಗೆ ಅಷ್ಟು ಸಾಕಾಯಿತು. ನೋಡಿದೆಯಾ, ನನಗಾಗಿ ಒಂದು ಗಳಿಗೆಯೂ ಕಾಯಲಿಲ್ಲ ಅವರು, ನಾನು ಹೋಗಿದ್ದರೂ ಪ್ರಯೋಜನವಿರಲಿಲ್ಲ. ಆರು ವರ್ಷ ಆ ಮಾತನ್ನೇ ತಲೆದಿಂಬು ಮಾಡಿಕೊಂಡು ಮಲಗಿದೆ. ಹಾಲುತುಪ್ಪಕ್ಕೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಹೆಣದ ಮುಂದೆ ಅಳುವುದಕ್ಕೆ ಅಂತ ವಸುಧಾ ಮಳವಳ್ಳಿ ಕಡೆಯ ಬಂಡೂರಿನಿಂದ ಚಿಕ್ಕತಾಯಮ್ಮ ಅನ್ನುವವರನ್ನು ಕರೆಸಿದ್ದಳು. ಎಪ್ಪತ್ತರ ಹತ್ತಿರದ ಸಣಕಲು ಹೆಂಗಸು, ಕುರಿ ಸಾಕುವವರ ಮನೆ. ಸಾವಿನ ಮನೆಯಲ್ಲಿ ಸತ್ತವರ ಗುಣ ಎತ್ತಿ ರಾಗವಾಗಿ ಅಳುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಹೆಸರಾದವರಂತೆ. ನಾನು ಅವರನ್ನು ನೋಡಿದ್ದು ಅವತ್ತೇ ಮೊದಲು. ಕಬ್ಬಿನ ಸಿಪ್ಪೆಯನ್ನು ಮನುಷ್ಯನ ಉದ್ದಕ್ಕೆ ಕಟ್ಟಿ, ಮೇಲೆ ಬಿಳಿ ಪಂಚೆ ಹೊದಿಸಿ ಹೆಣ ಮಾಡಿದ್ದರು. ನಾನು ಬೋರಲು ಕೊಪ್ಪರಿಗೆಯ ಮೇಲೆ ನಿಂತು ಯಾರೂ ಮಣ್ಣು ಹಾಕಕೂಡದು ಅಂತ ಸಾರಿದೆ. ತಮಟೆ ನಿಂತಿತು. ಚಿಕ್ಕತಾಯಮ್ಮ ಬಂದು ಹೆಣದ ತಲೆಯ ಹತ್ತಿರ ಕೂತರು. ಅಳಲಿಲ್ಲ.

"ಎಸರೇನು?" ಅಂತ ಕೇಳಿದರು.

ವಸುಧಾ, ಇವನಿಗೆ ಹೆಸರಿಲ್ಲ ಅಜ್ಜಿ, ಇವನು ಯಾರು ಬೇಕಾದರೂ ಆಗಬಹುದು ಅಂತ ಏನೋ ವಿವರಿಸಲು ಹೋದಳು. ಮುದುಕಿ ತಲೆ ಅಲ್ಲಾಡಿಸಿದರು.

"ಎಸರಿಲ್ದೆ ಎಂಗವ್ವಾ ಅಳದು? ಎಸರು ಇಡೀದೆ ಅತ್ರೆ ಆ ಅಳು ಅತ್ತೋರ ಬಾಗ್ಲಿಗೇ ಬತ್ತದೆ."

ಯಾವುದಾದರೂ ಒಂದು ಹೆಸರು ಹೇಳಿ ಅಂದಳು ವಸುಧಾ. ಆಗ ನಿಜವಾದ ಪೇಚು ಶುರುವಾಯಿತು. ಬದುಕಿರುವವರ ಹೆಸರನ್ನು ಹೆಣಕ್ಕೆ ಇಡುವವರು ಯಾರು? ಹನ್ನೊಂದು ಜನರಲ್ಲಿ ಯಾವ ಹೆಸರು ಹಿಡಿದರೂ ಅದು ಯಾರದೋ ಗಂಡನದು, ಯಾರದೋ ಮಗನದು. ಸತ್ತವರ ಹೆಸರು ಹೇಳೋಣ ಅಂದರೆ, ತಣ್ಣಗೆ ಮಲಗಿರುವವರನ್ನು ಎಬ್ಬಿಸಲು ಯಾರಿಗೂ ಧೈರ್ಯವಿಲ್ಲ. ಡಿಗ್ರಿ ಮಾಡಿದವರು, ಮೇಷ್ಟ್ರುಗಳು ಎಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ನನಗೆ ರೇಗಿತು. ಹಸಿವು ಬೇರೆ. ಇಂಥ ಮೌಢ್ಯಕ್ಕೆ ಹೆದರುವವನು ನಾನಲ್ಲ ಅಂತ ತೋರಿಸುವ ಹಮ್ಮೂ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ. ಕೊಪ್ಪರಿಗೆಯ ಮೇಲಿನಿಂದಲೇ, "ಪುಟ್ಟಸ್ವಾಮಿ ಅಂತ ಇಟ್ಕೊಳ್ಳಿ" ಅಂದೆ. ನಮ್ಮ ಜಿಲ್ಲೆಯಲ್ಲಿ ಊರಿಗೆ ಹತ್ತು ಪುಟ್ಟಸ್ವಾಮಿಗಳು. ಯಾರಿಗೆ ಏನು ತಿಳಿದೀತು?

ಚಿಕ್ಕತಾಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಶುರು ಮಾಡಿದರು. ಮೊದಲು ಎಲ್ಲ ಸಾವಿನ ಮನೆಯಲ್ಲೂ ಬರುವ ಮಾತುಗಳೇ. ಉಳುವಾಗ ಹಿಂಗಿದ್ದೆ, ಉಣ್ಣುವಾಗ ಹಂಗಿದ್ದೆ. ನಾನು ವಾಚು ನೋಡಿಕೊಂಡೆ, ಹನ್ನೆರಡೂವರೆ. ಆಮೇಲೆ ರಾಗ ಕೆಳಗೆ ಇಳಿಯಿತು. ಪಂಚೆಯ ಮೇಲೆ ಅಂಗೈ ಊರಿ, ಯಾರಿಗೋ ಗುಟ್ಟು ಹೇಳುವ ಹಾಗೆ ಹೇಳತೊಡಗಿದರು.

"ಮೂರು ರೈಲು ಬಂದು ನಿಂತು ಒಂಟೋದ್ವಲ್ಲೋ ಪುಟ್ಟಸ್ವಾಮಣ್ಣಾ, ಇಳಿಯೋನು ಇಳೀನಿಲ್ವಲ್ಲೋ. ಒತ್ತು ಮುಳುಗೋ ಗಂಟ ನಿನ್ನ ಮಡೀಕಂಡು ಕೂತಿದ್ರಲ್ಲೋ ನನ್ನಪ್ಪಾ. ಒಡುಟ್ಟಿದೋನ ಪಾಲು ಅಂತ ಒಂದಿಡಿ ಮಣ್ಣ ಕೆಂಪಂಚಿನ ಟವಲ್ಲಲ್ಲಿ ಕಟ್ಟಿ ಮಡಗವ್ರಲ್ಲೋ, ಅವ್ನು ಬರ್ನೇ ಇಲ್ವಲ್ಲೋ."

ನನ್ನ ಕಾಲಡಿಯ ಕೊಪ್ಪರಿಗೆ ಗಡಗಡ ಸದ್ದು ಮಾಡಿದ್ದನ್ನು ಎಲ್ಲರೂ ಕೇಳಿದರು. ಇಳಿದು, ಆಲೆಮನೆಯ ಹಿಂದೆ ಹೋಗಿ ನಿಂತೆ. ನಾನು ಹೆದರಿದೆ ಅಂತ ನೇರವಾಗಿಯೇ ಬರೆಯುತ್ತೇನೆ.

ಆ ಹೆದರಿಕೆ ಬಹಳ ಹೊತ್ತು ಇರಲಿಲ್ಲ. ಅದರ ಜಾಗಕ್ಕೆ ಸಿಟ್ಟು ಬಂತು. ಯಾರೋ ನನ್ನನ್ನು ಇಟ್ಟುಕೊಂಡು ಆಟ ಆಡುತ್ತಿದ್ದಾರೆ! ಮೊದಲು ಹಿಡಿದದ್ದು ಶಿವಲಿಂಗುವನ್ನು. ಚಿತ್ರಾನ್ನದ ತಟ್ಟೆ ಹಿಡಿದು ನಿಂತಿದ್ದವನ ತೋಳು ಹಿಡಿದು, ನನ್ನ ಅಣ್ಣನ ವಿಷಯ ಆಯಮ್ಮನಿಗೆ ಏನೇನು ಹೇಳಿಕೊಟ್ಟಿದ್ದೀಯ ಅಂತ ಕೇಳಿದೆ. ಅವನು ಪಿಳಿಪಿಳಿ ನೋಡಿದ.

"ನಾನ್ಯಾಕ್ಲಾ ಏಳ್ಕೊಡ್ಲಿ? ನಿಂಗೊಬ್ಬ ಅಣ್ಣ ಇದ್ದ ಅಂತ್ಲೇ ನೀನು ಯಾವತ್ತೂ ಬಾಯಿ ಬುಟ್ಟಿಲ್ವಲ್ಲಾ."

ಅದು ನಿಜವೇ. ಇಪ್ಪತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವನಿಗೆ ನಾನು ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಬಾಯಿ ಬಿಟ್ಟುಕೊಂಡಿದ್ದೆ. ಮುಂದಿನ ಅನುಮಾನ ವಸುಧಾ ಮೇಲೆ. ಅವಳ ಹತ್ತಿರ ಒಂದು ನೋಟುಪುಸ್ತಕ ಇತ್ತು, ನಮ್ಮ ಬಗ್ಗೆ ಏನೋ ಗೀಚಿಕೊಳ್ಳುತ್ತಿದ್ದಳು. ತೋರಿಸು ಅಂದೆ. ಬೇಜಾರು ಮಾಡಿಕೊಂಡರೂ ಕೊಟ್ಟಳು. ನನ್ನ ಹೆಸರಿನ ಕೆಳಗೆ ‘ಕೈ ಯಾವಾಗಲೂ ಹಿಂದೆ ಕಟ್ಟಿರುತ್ತಾರೆ’ ಅಂತ ಇತ್ತು, ಮತ್ತೇನಿಲ್ಲ. ಮನೆಗೆ ಬಂದು ಹೆಂಡತಿಯನ್ನೂ ಬಿಡಲಿಲ್ಲ. ಅವಳು ಎರಡು ದಿನ ಮಾತು ಬಿಟ್ಟಳು. ಚಿಕ್ಕತಾಯಮ್ಮನ ಬಗ್ಗೆಯೂ ವಿಚಾರಿಸಿದೆ. ಬಂಡೂರಿನ ಕಡೆಯಿಂದ ಮಣ್ಣು ತಂದುಕೊಡುತ್ತಿದ್ದ ರೈತನೊಬ್ಬನ ಹತ್ತಿರ. ಆಕೆಯ ಅಕ್ಕನ ಮೊಮ್ಮಗಳನ್ನು ಯಲಿಯೂರಿನ ಆಚೆ ಊರಿಗೆ ಕೊಟ್ಟಿದ್ದಾರೆ ಅಂತ ತಿಳಿದಾಗ ಸಿಕ್ಕಿತು ಅಂತ ಕುಣಿಯುವ ಹಾಗಾಯಿತು. ಅಲ್ಲಿಂದ ಸುದ್ದಿ ಹೋಗಿದೆ, ಇಷ್ಟೇ ಕಥೆ.

ಆದರೆ ಒಂದು ತೊಡಕು ಉಳಿದಿತ್ತು. ನನ್ನ ಗುಟ್ಟನ್ನು ಯಾರೋ ಕದ್ದರು ಅಂತ ನಾನು ಕೂಗಾಡುತ್ತಿದ್ದೆನಲ್ಲ, ಆಕೆ ಹೇಳಿದ್ದು ನನ್ನ ಗುಟ್ಟೇ ಅಲ್ಲ. ಬೆಂಚಿನ ಮಾತು ಆಕೆ ಎತ್ತಲೇ ಇಲ್ಲ. ಹೊತ್ತು ಮುಳುಗುವವರೆಗೂ ಕಾದರು ಅನ್ನುವುದು ನನಗೇ ಗೊತ್ತಿರಲಿಲ್ಲ. ಮಧ್ಯಾಹ್ನಕ್ಕೇ ಮುಗಿಸಿದರು ಅಂತಲ್ಲವೇ ನಾನು ಆರು ವರ್ಷ ನಂಬಿದ್ದು? ಹಾಗಾದರೆ ಮುದುಕಿ ಹೇಳಿದ್ದು ಸುಳ್ಳಾಗಿರಬೇಕು. ಸುಳ್ಳು ಅಂತ ಸಾಬೀತು ಮಾಡಬೇಕಾದರೆ ದಾರಿ ಒಂದೇ.

ಬುಧವಾರ ರಜೆ ಹಾಕಿ, ಯಾರಿಗೂ ಹೇಳದೆ ರೈಲು ಹತ್ತಿ ಯಲಿಯೂರಿನಲ್ಲಿ ಇಳಿದೆ. ಎಂಟು ವರ್ಷವಾಗಿತ್ತು. ಅತ್ತಿಗೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಬೈಯಲಿಲ್ಲ, ಅಳಲೂ ಇಲ್ಲ. ಬಾ ಕೂತ್ಕೋ ಅಂದರು. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನೀರು ಕುಡಿದೆ. ಅಣ್ಣನನ್ನು ಮಣ್ಣು ಮಾಡಿದ್ದು ಎಷ್ಟು ಹೊತ್ತಿಗೆ ಅಂತ ಕೇಳಿದೆ, ಕಚೇರಿಯಲ್ಲಿ ರೈತರನ್ನು ಕೇಳುವ ದನಿಯಲ್ಲೇ.

"ದೀಪ ಅಚ್ಚೋ ಒತ್ತಾಗಿತ್ತು ಕಣಪ್ಪ," ಅಂದರು ಅತ್ತಿಗೆ. "ಜನ ಎಲ್ಲಾ ಬಯ್ಯೋರು, ಎಸ್ಟೊತ್ತು ಮಡೀಕತ್ತೀರಿ ಅಂತ. ಮಗ ಟೇಸನ್ನಲ್ಲೇ ನಿಂತಿದ್ದ. ಮೂರು ರೈಲು ನೋಡ್ದೋ. ಅವ್ನು ರೈಲಲ್ಲೇ ಬರಾದು, ಬತ್ತಾನೆ ತಡೀರಿ ಅಂತ ನಾನೇ ತಡದೆ."

ಹಾಗಾದರೆ ಆ ಪೇಟೆಯಲ್ಲಿ ಸಿಕ್ಕವನು ಯಾಕೆ ಹಾಗೆ ಹೇಳಿದ? ಅತ್ತಿಗೆಗೆ ಗೊತ್ತಿಲ್ಲ. ಅವನು ಅವತ್ತು ಊರಿನಲ್ಲೇ ಇರಲಿಲ್ಲವಂತೆ. ಪೊಟ್ಟಣದ ಮೇಲೆ ಬರೆದದ್ದನ್ನು ನಂಬದ ನಾನು, ಒಬ್ಬ ದಾರಿಹೋಕನ ಬಾಯಿಮಾತನ್ನು ಆರು ವರ್ಷ ಪರೀಕ್ಷೆ ಮಾಡದೆ ಇಟ್ಟುಕೊಂಡಿದ್ದೆ. ನನಗೆ ಬೇಕಾದ ಮಾತಾಗಿತ್ತಲ್ಲ, ಅದಕ್ಕೆ.

ಮಣ್ಣಿನ ವಿಷಯ ಕೇಳಲು ನಾಲಿಗೆ ಬರಲಿಲ್ಲ. ಕೇಳಲೂ ಬೇಕಾಗಲಿಲ್ಲ. ಅತ್ತಿಗೆ ಮೊರ ಪಕ್ಕಕ್ಕೆ ಸರಿಸಿ ಒಳಗೆ ಹೋದರು. ರಾಗಿ ತುಂಬಿಡುವ ಮಣ್ಣಿನ ವಾಡೆ ಇಟ್ಟಿದ್ದ ಮೂಲೆಯ ಗೂಡಿನಲ್ಲಿ ಕೈಯಾಡಿಸಿ ಒಂದು ಸಣ್ಣ ಗಂಟು ತಂದರು. ಟವಲಿನ ತುಂಡು. ಬಣ್ಣ ಹೋಗಿತ್ತು, ಆದರೆ ಅಂಚು ಕೆಂಪು ಅಂತ ಹೇಳಬಹುದಿತ್ತು. ಇದು ನಮ್ಮ ಕಡೆಯ ಶಾಸ್ತ್ರವಲ್ಲ, ಎಲ್ಲೂ ಕಂಡಿದ್ದಲ್ಲ. ಎಲ್ಲರೂ ಮಣ್ಣು ಹಾಕುವಾಗ ನನ್ನ ಪಾಲು ಅಂತ ಗುಂಡಿಯ ದಡದಿಂದ ಒಂದು ಹಿಡಿ ಎತ್ತಿಕೊಂಡು, ಮಗನಿಗೂ ಹೇಳದೆ ಅವರೇ ಕಟ್ಟಿ ಇಟ್ಟಿದ್ದರಂತೆ.

"ಯಾರ ಅತ್ರಾನೂ ಏಳಿಲ್ಲ. ಏಳಿದ್ರೆ ನಗೋರು," ಅಂದರು.

ಚಿಕ್ಕತಾಯಮ್ಮ ಅನ್ನುವವರು ಗೊತ್ತಾ ಅಂತ ಕೇಳಿದೆ. ಇಲ್ಲ. ಬಂಡೂರಿನವರು ಯಾರಾದರೂ ಬಂದಿದ್ದರಾ? ಇಲ್ಲ. ಈ ಮನೆಗೆ ಯಾರಾದರೂ ಹೊಸಬರು? ಅತ್ತಿಗೆಗೆ ಬೇಸರ ಬಂತು. ಮಣ್ಣು ಹಾಕೋಕೆ ಬಂದಿದ್ದೀಯೋ ಪೊಲೀಸಿನವರ ಹಂಗೆ ಇಚಾರಿಸೋಕೆ ಬಂದಿದ್ದೀಯೋ ಅಂತ ಕೇಳಿದರು. ನಾನು ಗಂಟು ಹಿಡಿದು ಹೊಲಕ್ಕೆ ಹೋದೆ.

ಅಣ್ಣನನ್ನು ಹೂತ ಗುಡ್ಡೆ ಬದುವಿನ ಹತ್ತಿರ. ಹುಲ್ಲು ಬೆಳೆದಿತ್ತು, ತಲೆಯ ಕಡೆ ಒಂದು ಕಲ್ಲು. ಗಂಟು ಬಿಚ್ಚಿ ಮಣ್ಣು ಹಾಕಿದೆ. ಆರು ವರ್ಷ ಒಣಗಿದ ಮಣ್ಣು, ಹಿಟ್ಟಿನ ಹಾಗೆ ಉದುರಿತು. ಆಮೇಲೆ ಅತ್ತೆ. ದೊಡ್ಡದಾಗಿ, ಅಕ್ಕಪಕ್ಕದ ಗದ್ದೆಯವರು ನೋಡುವಷ್ಟು ಅತ್ತೆ. ನನ್ನನ್ನು ಓದಿಸಿದವನು ಅವನು. ಅವನ ಬನಿಯನ್ನಿಗೆ ನಾನು ನಾಚಿದ್ದೆ. ಮರೆತದ್ದಲ್ಲ, ನಾಚಿದ್ದೇ ನಿಜ ಅಂತ ಅವನ ಮುಂದೆ ಬಾಯಿಬಿಟ್ಟು ಹೇಳಿದೆ.

ಇಷ್ಟಾದರೂ ನನ್ನ ಬುದ್ಧಿ ನೋಡಿ. ಗಂಟಿನ ಮಣ್ಣಿನಲ್ಲಿ ಒಂದು ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡಿದ್ದೆ. ಅತ್ತಿಗೆ ಅಂಗಳದ ಮಣ್ಣನ್ನು ನಿನ್ನೆಯೋ ಮೊನ್ನೆಯೋ ಕಟ್ಟಿಟ್ಟಿದ್ದರೆ? ಎಲ್ಲರೂ ಸೇರಿ ನನ್ನನ್ನು ಊರಿಗೆ ಕರೆಸಿಕೊಳ್ಳಲು ಹೂಡಿದ ಹೂಟವಾಗಿದ್ದರೆ? ಮಾರನೆಯ ದಿನ ಕಚೇರಿಯಲ್ಲಿ ಯಾರೂ ಇಲ್ಲದಾಗ ಆ ಚಿಟಿಕೆಯನ್ನು ಹರಡಿ ಭೂತಗನ್ನಡಿಯಲ್ಲಿ ನೋಡಿದೆ. ನಮ್ಮ ಆ ಹೊಲದ ಮಣ್ಣೇ, ಕೆಂಪಿನಲ್ಲಿ ಸಣ್ಣ ಸುಣ್ಣಕಲ್ಲಿನ ಚೂರು. ಚಿಕ್ಕಂದಿನಿಂದ ತುಳಿದದ್ದು, ಗುರುತು ಸಿಗದೆ ಇರುತ್ತದೆಯೇ? ಆದರೆ ಎಷ್ಟು ವರ್ಷದಿಂದ ಗಂಟಿನಲ್ಲಿತ್ತು ಅಂತ ಹೇಳುವ ಯಂತ್ರ ನಮ್ಮ ಕಚೇರಿಯಲ್ಲಿ ಇರಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಗಿ ಕಾಗದ ಮಡಚಿ ಎತ್ತಿಟ್ಟೆ.

ಭಾನುವಾರ ಸಂಜೆ ನಾಟಕ. ಸುತ್ತಲ ಹಳ್ಳಿಯವರು ಆಲೆಮನೆಯ ಅಂಗಳದ ಸುತ್ತ ಕೂತಿದ್ದರು. ಶುರುವಾಗುವ ಮುಂಚೆ ಚಿಕ್ಕತಾಯಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ ಒಬ್ಬರೇ ಕೂತಿದ್ದರು. ಹತ್ತಿರ ಹೋಗಿ, ಹೋದ ವಾರ ಅಳುವಾಗ ರೈಲಿನ ಮಾತು ಯಾಕೆ ತಂದಿರಿ ಅಂತ ಮೆಲ್ಲಗೆ ಕೇಳಿದೆ. ಯಾವ ರೈಲು ಅಂತ ನನ್ನನ್ನೇ ಕೇಳಿದರು. ನೆನಪು ಮಾಡಿಕೊಟ್ಟೆ. ಮುಖದಲ್ಲಿ ಏನೂ ಕಾಣಲಿಲ್ಲ.

"ಅತ್ತದ್ದ ಯಾರಾದ್ರೂ ಗ್ಯಾಪಕ ಮಡೀಕತ್ತಾರಾ ಸಾಮಿ? ಮಡೀಕಂಡ್ರೆ ನಾವು ಬದುಕಾದುಂಟಾ?" ಅಂದರು.

ಜಾಣ ಉತ್ತರ ಅನ್ನಿಸಿತು. ಜಾಣತನದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ನಾಟಕದಲ್ಲೇ ಹಿಡಿಯುತ್ತೇನೆ ಅಂತ ತೀರ್ಮಾನಿಸಿದೆ. ಮತ್ತೆ ಅದೇ ಹೆಸರು ಕೊಡುತ್ತೇನೆ, ಈ ಸಲ ಏನು ಹೇಳುತ್ತಾರೋ ನೋಡೋಣ. ಅಣ್ಣನ ಬಾಯಿಂದ ಇನ್ನೊಂದು ಮಾತು ಬಂದೀತೇನೋ ಅನ್ನುವ ಆಸೆಯೂ ಇತ್ತು ಅಂತ ಬರೆಯದೆ ಇದ್ದರೆ ಸುಳ್ಳಾಗುತ್ತದೆ.

ತಮಟೆ ನಿಂತಿತು. ನಾನು ಕೊಪ್ಪರಿಗೆಯ ಮೇಲೆ ನಿಂತು ಯಾರೂ ಮಣ್ಣು ಹಾಕಕೂಡದು ಅಂದೆ. ದನಿ ಒಡೆಯಿತು, ಜನ ಅದನ್ನೂ ನಾಟಕ ಅಂದುಕೊಂಡರು. ಚಿಕ್ಕತಾಯಮ್ಮ ಬಂದು ಹೆಣದ ತಲೆಯ ಹತ್ತಿರ ಕೂತು, ಹೆಸರಿಗಾಗಿ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. ಇನ್ನೂ ಶಬ್ದ ಹೊರಟಿರಲಿಲ್ಲ. ಆಕೆ ಕೈ ಅಡ್ಡ ಎತ್ತಿದರು.

"ಆ ಎಸರು ಬ್ಯಾಡ ಬುಡಿ. ಅದು ಮುಗೀತು."

ಆಮೇಲೆ ತಮ್ಮ ಕಡೆಯ ಯಾರದೋ ಹೆಸರು ಹಿಡಿದು ಅಳಲು ಶುರು ಮಾಡಿದರು. ಅದರಲ್ಲಿ ರೈಲಿರಲಿಲ್ಲ, ಟವಲಿರಲಿಲ್ಲ.

ನಾನು ಯಲಿಯೂರಿಗೆ ಹೋಗಿ ಬಂದದ್ದು ಅವತ್ತಿನವರೆಗೆ ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ಗದ್ದೆಯವರು ಯಾರೋ ನೋಡಿರಬಹುದು, ಅಕ್ಕನ ಮೊಮ್ಮಗಳ ಕಿವಿಗೆ ಬಿದ್ದಿರಬಹುದು, ನಾಲ್ಕು ದಿನದಲ್ಲಿ ಬಂಡೂರು ಮುಟ್ಟಿರಬಹುದು. ಲೆಕ್ಕ ಹಾಕಿದರೆ ಆಗದ್ದೇನಲ್ಲ. ನಾಟಕ ಮುಗಿದ ಮೇಲೆ ಆಕೆ ಚಪ್ಪಲಿ ಹುಡುಕುತ್ತ ನನ್ನ ಪಕ್ಕದಲ್ಲೇ ನಿಂತಿದ್ದರು. ನಿಮಗೆ ಯಾರು ಹೇಳಿದರು ಅಂತ ಕೇಳಬೇಕು ಅಂತ ಹತ್ತಿರ ಹೋದೆ. ಆಯುಸ್ಸೆಲ್ಲ ಎಲ್ಲರನ್ನೂ ಅದನ್ನೇ ಕೇಳಿದವನು ನಾನು. ಕೇಳಲಿಲ್ಲ. ಇಂಥವರು ಹೇಳಿದರು ಅಂತ ಆಕೆ ಬದುಕಿರುವವರೊಬ್ಬರ ಹೆಸರು ಹೇಳಿಬಿಟ್ಟರೆ ಅಂತ ಭಯವಾಯಿತು. ಚಪ್ಪಲಿ ಕೊಪ್ಪರಿಗೆಯ ಆಚೆ ಬದಿಗಿತ್ತು, ತೆಗೆದುಕೊಟ್ಟೆ.